ಲೆಟಿವಾದ ಗೋಮಾಳಗಳು

ಸ್ವಿಟ್ಜರ್ಲೆಂಡಿನ ವೋ ಪ್ರಾಂತದಲ್ಲಿ, ಜಿನೀವಾ ಸರೋವರದ ತೀರದಲ್ಲಿರುವ ಮೋಂತ್ರೋ ನಗರದಿಂದ ಕಿರುಗೇಜಿನ ರೈಲಿನಲ್ಲಿ ಬೆಟ್ಟವನ್ನು ಬಳಸಿ ಏರಿ, ಶಾಟೋ-ದೇ ಎಂಬ ಊರಿನಲ್ಲಿಳಿದು ಬಸ್ಸನ್ನು ಹಿಡಿದರೆ, ಲೆಟಿವಾ ಎಂಬ ಪುಟ್ಟ ಗ್ರಾಮವು ಸಿಗುತ್ತದೆ. ಅದರ ಸುತ್ತಣ ಪರ್ವತಸಾನುಗಳಲ್ಲಿ, ಸಮುದ್ರಮಟ್ಟದಿಂದ 1000 ಮೀಟರಿನಿಂದ ಮೊದಲ್ಗೊಂಡು 2000 ಮೀಟರಿನ ಎತ್ತರದವರೆಗೆ, ಹಬ್ಬಿರುವ ಗೋಮಾಳಗಳೇ ಅದರ ಕೀರ್ತಿಗೆ ಕಾರಣ.

ಮೇ ತಿಂಗಳಲ್ಲಿ ಹಿಮವು ಕರಗಿ ಕೆಳಗಣ ಇಳಿಜಾರುಗಳು ಹಸುರಾದೊಡನೆ ಗೋಪಾಲಕ ಕುಟುಂಬಗಳು ಹಸುಗಳೊಡನೆ ಹೊರಟು, ಹುಲ್ಲು ಎತ್ತರೆತ್ತರಕ್ಕೆ ಬೆಳೆದು ಬಂದಂತೆಲ್ಲ ಒಂದು ಬಿಡಾರದಿಂದ ಮತ್ತೊಂದಕ್ಕೆ ಏರುತ್ತ ಹೋಗಿ, ಶರತ್ಕಾಲವು ಸಮೀಪಿಸಲು ಮೆಲ್ಲಮೆಲ್ಲನೆ ಇಳಿದುಬರುತ್ತವೆ. ಅಷ್ಟು ಎತ್ತರದಿಂದ ಹಾಲನ್ನು ದಿನದಿನವೂ ಕಣಿವೆಗೆ ಒಯ್ಯುವುದು ದುಸ್ಸಾಧ್ಯವಾಗಿದ್ದುದರಿಂದ, ಬೇಗನೆ ಕೆಡುವ ಹಾಲನ್ನು ಬಹುಕಾಲ ಬಾಳುವ ಚೀಸನ್ನಾಗಿ ಮಾರ್ಪಡಿಸುವ ವಿದ್ಯೆಯು ಬೆಟ್ಟದ ಮೇಲೆಯೇ ಬೆಳೆಯಿತು.

ಪ್ರಾತಃಕಾಲದಲ್ಲಿ ಅಂಥ ಬಿಡಾರವನ್ನು ಹೊಕ್ಕವನಿಗೆ ಮೊದಲು ಎದುರಾಗುವುದು ಸೌದೆಯ ಹೊಗೆ. ಬಳಿಕ ಉರಿಯ ಮೇಲೆ ತೂಗುವ ತಾಮ್ರದ ದೊಡ್ಡ ಕೊಪ್ಪರಿಗೆ. ಹಿಂದಿನ ಸಂಜೆಯ ಹಾಲಿಗೆ ಅಂದಿನ ಬೆಳಗಿನ ಹಾಲನ್ನು ಕೂಡಿಸಿ, ಗಟ್ಟಿಗೊಳಿಸಿ, ಗೋಧಿಯ ಕಾಳಿನಷ್ಟು ಸಣ್ಣದಾಗಿ ಕತ್ತರಿಸಿ, ಸುಮಾರು 57 ಡಿಗ್ರಿಯವರೆಗೆ ಕಾಯಿಸಿದ ಮೇಲೆ, ಗೃಹಸ್ಥನು ಬಾಗುವ ಉಕ್ಕಿನ ಪಟ್ಟಿಗೆ ಬಟ್ಟೆಯ ಅಂಚನ್ನು ಸುತ್ತಿ, ಮೊಣಕೈವರೆಗೆ ತೋಳುಗಳನ್ನು ಇಳಿಸಿ, ಕೊಪ್ಪರಿಗೆಯ ತಳಕ್ಕೆ ಅದನ್ನು ಜಾರಿಸಿ, ನೀರು ಸುರಿಯುವ ಆ ಬಿಸಿಯಾದ, ಗಟ್ಟಿಗೊಂಡ ಹಾಲಿನ ಭಾರವನ್ನು ಒಮ್ಮೆಲೇ ಮೇಲೆತ್ತುತ್ತಾನೆ. ಪುಸ್ತಕದಿಂದ ಕಲಿಯಲಾಗದ ಹದವೊಂದು ಆ ಕೈಗಳಲ್ಲಿದೆ.

ಈ ಹದವನ್ನು ಉಳಿಸಿಕೊಳ್ಳುವ ಸಂಕಲ್ಪದಿಂದ ಇಲ್ಲಿನ ಕುಟುಂಬಗಳು 1932ರಲ್ಲಿ ಸಹಕಾರ ಸಂಘವನ್ನು ಕಟ್ಟಿ, 1934ರಲ್ಲಿ ಚೀಸನ್ನು ಮಾಗಿಸುವ ಸಾಮೂಹಿಕ ನೆಲಮಾಳಿಗೆಯನ್ನು ನಿರ್ಮಿಸಿದುವು. ಬೇಸಗೆಯಲ್ಲಿ, ಬೆಟ್ಟದ ಮೇಲೆ, ಸೌದೆಯ ಉರಿಯಲ್ಲಿಯೇ ತಯಾರಾಗಬೇಕೆಂಬ ನಿಯಮಕ್ಕೆ ಬದ್ಧವಾದ ಈ ಚೀಸಿಗೆ 2000ದಲ್ಲಿ ಮೂಲಸ್ಥಾನದ ಅಧಿಕೃತ ರಕ್ಷಣೆಯು ದೊರೆಯಿತು. ಸ್ವಿಟ್ಜರ್ಲೆಂಡಿನ ಈ ಬೇಸಗೆಯ ಗೋಪಾಲನ ಪದ್ಧತಿಯನ್ನು 2023ರಲ್ಲಿ ಯುನೆಸ್ಕೋ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಪ್ರಕೃತಿಯ ಸಹಜ ದಾನವೆಂದು ಪ್ರವಾಸಿಗನು ಭಾವಿಸುವ ಈ ಹಸುರಿನ ಬಹುಭಾಗವು, ಕಾಡನ್ನು ಕಡಿದು ಕಲ್ಲನ್ನು ಆಯ್ದ ತಲೆಮಾರುಗಳ ಶ್ರಮದ ಫಲವಾಗಿದೆ. ಹಸುಗಳು ಮೇಲೇರುವುದು ನಿಂತರೆ ಕೆಲವೇ ವರ್ಷಗಳಲ್ಲಿ ಪೊದೆಗಳೂ, ಅವುಗಳ ಹಿಂದೆಯೇ ಸ್ಪ್ರೂಸ್ ಮರಗಳೂ ನುಗ್ಗಿ, ಬಿಸಿಲನ್ನು ನೆಚ್ಚಿದ ನೂರಾರು ಬಗೆಯ ಹೂಗಿಡಗಳು ಮರೆಯಾಗುವುವು. ಆದುದರಿಂದ ಇಲ್ಲಿಗೆ ಬಂದವನು ಬೇಲಿಯ ಬಾಗಿಲನ್ನು ದಾಟಿದೊಡನೆ ಮುಚ್ಚುವುದೂ, ನೆಲಮಾಳಿಗೆಯಲ್ಲಿ ತಕ್ಕ ಬೆಲೆಯನ್ನು ತೆತ್ತು ಚೀಸನ್ನು ಕೊಳ್ಳುವುದೂ ಅಲ್ಪಕಾರ್ಯಗಳಲ್ಲ. ಬರುವ ಮೇ ತಿಂಗಳಿನಲ್ಲಿ ಆ ಕುಟುಂಬಗಳು ಮತ್ತೆ ಬೆಟ್ಟವೇರುವುದಕ್ಕೆ ಅವೂ ಆಧಾರ.