ವಾತಾಪಿ–ಬಾದಾಮಿ: ಘೋಷತ್ವವನ್ನು ಕಣ್ಣಿಗೆ ಕಾಣಿಸುವ ಒಂದು ಸರಳ ಪ್ರಯೋಗ

ಬಾದಾಮಿಯ ಕೋಟೆಯ ಬಂಡೆಯ ಮೇಲೆ ಒಂದನೆಯ ಪುಲಕೇಶಿಯ ಶಾಸನವಿದೆ. ಅದರ ಕಾಲ ಶಕ 465, ಅಂದರೆ ಕ್ರಿ.ಶ. 543. ಅದರಲ್ಲಿ ಊರಿನ ಹೆಸರು ವಾತಾಪಿ. ವಾತಾಪಿ, ಬಾದಾಮಿ ಎಂಬ ಎರಡು ರೂಪಗಳನ್ನು ಹೋಲಿಸಿದರೆ ಮೂರು ವ್ಯಂಜನಗಳು ಭಿನ್ನವಾಗಿವೆ: ವ–ಬ, ತ–ದ, ಪ–ಮ. ಮೂರರಲ್ಲಿಯೂ ಉಚ್ಚಾರಣಾಸ್ಥಾನ ಬಹುಮಟ್ಟಿಗೆ ಒಂದೇ. ಕೊನೆಯ ಎರಡು ಜೋಡಿಗಳಲ್ಲಿ ಅಘೋಷಕ್ಕೆ ಪ್ರತಿಯಾಗಿ ಘೋಷವ್ಯಂಜನವಿದೆ. ಘೋಷತ್ವದ ಈ ಭೇದವನ್ನು ಪ್ರಯೋಗಾಲಯದ ನೆರವಿಲ್ಲದೆ ಮನೆಯಲ್ಲಿಯೇ ಪರಿಶೀಲಿಸಬಹುದು.

ಎರಡೂ ಕಡೆ ತೆರೆದಿರುವ ಅಗಲವಾದ ರಟ್ಟಿನ ಕೊಳವೆಯ ಒಂದು ತುದಿಗೆ ಬಲೂನಿನ ರಬ್ಬರನ್ನು ಬಿಗಿಯಾಗಿ ಕಟ್ಟಬೇಕು. ರಬ್ಬರಿನ ಮೇಲೆ, ನಡುವಿನಿಂದ ತುಸು ಸರಿಸಿ, ಉಗುರಿನಷ್ಟು ಕನ್ನಡಿಯ ಚೂರನ್ನು ಅಂಟಿಸಬೇಕು. ಕೊಳವೆಯನ್ನು ಅಲುಗದಂತೆ ಮೇಜಿಗೆ ಬಿಗಿದು, ಲೇಸರ್ ಪಾಯಿಂಟರಿನ ಬೆಳಕು ಕನ್ನಡಿಗೆ ತಾಗಿ ಕತ್ತಲೆಯ ಕೋಣೆಯ ಗೋಡೆಯ ಮೇಲೆ ಬೀಳುವಂತೆ ಮಾಡಬೇಕು. ಆ ಬೆಳಕು ಯಾರ ಕಣ್ಣಿಗೂ ಬೀಳಬಾರದು. ಮಾತನಾಡುವವರ ಬಾಯಿ, ಮೂಗು ಎರಡೂ ಕೊಳವೆಯ ತೆರೆದ ತುದಿಗೆ ಎದುರಾಗಿರಬೇಕು. ಉಸಿರು ಹೊರಹೋಗಲು ಕಿರಿದಾದ ಸಂದು ಇರಲಿ.

‘ಆ’ ಎಂದು ಎಳೆದು ಉಚ್ಚರಿಸಿದಾಗ ಗೋಡೆಯ ಮೇಲಿನ ಚುಕ್ಕೆ ಗೆರೆಯಾಗಿ ಹಿಗ್ಗುತ್ತದೆ. ಧ್ವನಿತಂತುಗಳು ಸಾಮಾನ್ಯವಾಗಿ ಸೆಕೆಂಡಿಗೆ ನೂರಕ್ಕೂ ಮಿಕ್ಕಿ ಸಲ ಕಂಪಿಸುವುದರಿಂದ ಕಣ್ಣು ಬಿಡಿ ಕಂಪನಗಳನ್ನು ಗುರುತಿಸಲಾರದು. ಇನ್ನು ‘ಅಪ್ಪ’, ‘ಅಮ್ಮ’ ಎಂಬುವನ್ನು ನಿಧಾನವಾಗಿ ಉಚ್ಚರಿಸಬೇಕು. ‘ಪ್ಪ’ದ ತಡೆಯಲ್ಲಿ ಗೆರೆ ಚುಕ್ಕೆಯಾಗಿ ನಿಲ್ಲುತ್ತದೆ, ತುಟಿ ತೆರೆದಾಗ ಒಮ್ಮೆ ಜಿಗಿಯುತ್ತದೆ. ‘ಮ್ಮ’ದಲ್ಲಿ ನಾದವು ಮೂಗಿನ ಮೂಲಕ ಹೊರಡುವುದರಿಂದ ಗೆರೆ ಉಳಿಯುತ್ತದೆ. ‘ಎತ್ತು’, ‘ಎದ್ದು’ ಜೋಡಿಯಲ್ಲಿ ಎಚ್ಚರ ಬೇಕು. ‘ದ್ದ’ವು ಘೋಷವಾದರೂ ಬಾಯಿ ಮುಚ್ಚಿ, ಮೂಗಿನ ದಾರಿಯೂ ಇಲ್ಲದಿರುವುದರಿಂದ ಗೆರೆ ಬಹಳ ಕುಗ್ಗುತ್ತದೆ. ಆಗ ಗಂಟಲಿನ ಮೇಲೆ ಬೆರಳಿಟ್ಟರೆ ಕಂಪನ ತಿಳಿಯುತ್ತದೆ. ರಬ್ಬರಿನ ಪೊರೆ ತೋರಿಸುವುದು ಹೊರಬಿದ್ದ ಧ್ವನಿಯನ್ನು. ಧ್ವನಿತಂತುಗಳ ಕಂಪನವನ್ನು ನೇರವಾಗಿ ಅಲ್ಲ.

ಸ್ವರಗಳ ನಡುವೆ ಘೋಷ ಮುಂದುವರಿಯುವುದು ಸಹಜವಾದುದರಿಂದ ‘ವಾತಾಪಿಯೇ ಬಾದಾಮಿಯಾಯಿತು’ ಎಂದು ತೀರ್ಮಾನಿಸುವುದು ಸುಲಭ. ವಕಾರವು ಬಕಾರವಾಗುವುದಕ್ಕೆ ‘ವನ’ದಿಂದ ಬಂದ ‘ಬನ’ವನ್ನುಳ್ಳ ಸಮೀಪದ ಬನಶಂಕರಿಯ ಹೆಸರೇ ನಿದರ್ಶನ. ಆದರೆ ಕ್ರಿ.ಶ. 2ನೆಯ ಶತಮಾನದ ಟಾಲೆಮಿ ಹೇಳುವ ‘ಬದಿಯಮಯೋಯ್’ ಎಂಬುದನ್ನು ವಿದ್ವಾಂಸರು ಬಾದಾಮಿಯೊಂದಿಗೆ ಗುರುತಿಸಿದ್ದಾರೆ. ಅದನ್ನು ಒಪ್ಪಿದರೆ ಘೋಷರೂಪವೇ ಶಾಸನಕ್ಕಿಂತ ಹಳೆಯದು, ‘ವಾತಾಪಿ’ ಅದರ ಸಂಸ್ಕೃತೀಕರಣವಾಗಿರಬಹುದು. ಗೋಡೆಯ ಮೇಲಿನ ಗೆರೆ ಎರಡು ಧ್ವನಿಗಳ ನಂಟನ್ನು ತೋರಿಸಬಲ್ಲದು. ಯಾವುದು ಮೊದಲು ಎಂಬುದನ್ನು ಲಿಖಿತ ಆಧಾರಗಳಿಂದಲೇ ನಿರ್ಣಯಿಸಬೇಕು.