ಗಾಳಿಯಂತ್ರ ತಿರುಗುತ್ತದೆ, ಬ್ಯಾಟರಿ ತುಂಬುವುದಿಲ್ಲ – ಏಕೆ?

ಮುಂಗಾರು ಹಿಡಿದ ಮೇಲೆ ನಮ್ಮ ತೋಟಗಳಲ್ಲಿ ವಿದ್ಯುತ್ತಿನ ಪಾಡು ಏನೆಂಬುದು ಸದಸ್ಯ ಬಾಂಧವರಿಗೆಲ್ಲ ತಿಳಿದದ್ದೇ. ಎಲ್ಲೋ ಒಂದು ಮರ ತಂತಿಯ ಮೇಲೆ ಒರಗಿತೆಂದರೆ ಮೂರು ನಾಲ್ಕು ದಿನ ಕತ್ತಲೆ. ಸೌರ ಫಲಕ ಹಾಕಿಸಿಕೊಂಡವರಿಗೂ ಆಗ ಮೋಡದ ಕಾಟ. ಆದರೆ ಅದೇ ದಿನಗಳಲ್ಲಿ ಗುಡ್ಡದ ನೆತ್ತಿಯಲ್ಲಿ ಗಾಳಿಗೆ ಬರವಿಲ್ಲ. ಈ ಲೆಕ್ಕ ಹಾಕಿಯೇ ನಾವೂ ಹಲವು ವರ್ಷಗಳ ಹಿಂದೆ ಕೈಯಾರೆ ಒಂದು ಗಾಳಿಯಂತ್ರ ಕಟ್ಟಿದೆವು. ಮರದ ಮೂರು ರೆಕ್ಕೆ, ಅಯಸ್ಕಾಂತದ ಆಲ್ಟರ್ನೇಟರು, ಕಬ್ಬಿಣದ ಪೈಪಿನ ಕಂಬ, 12 ವೋಲ್ಟಿನ ಬ್ಯಾಟರಿ. ಮನೆಗೂ ಕಣದ ಪಕ್ಕದ ಉಗ್ರಾಣಕ್ಕೂ ದೀಪಕ್ಕೆ ಅದು ಸಾಕಾಗುತ್ತಿತ್ತು.

ಕಟ್ಟುವುದು ಒಂದು ತಿಂಗಳ ಕೆಲಸ. ನಡೆಸಿಕೊಂಡು ಹೋಗುವುದು ವರ್ಷಗಳ ಕೆಲಸ. ಈ ಎರಡನೆಯದನ್ನು ಯಾರೂ ಹೇಳಿಕೊಡುವುದಿಲ್ಲ. ಈಚೆಗೆ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನ ಹವಳಗಾ ಕಡೆಗೆ ಹೋಗಿ ಬಂದ ಸದಸ್ಯರೊಬ್ಬರು, "ಅಲ್ಲಿ ಮರವಿಲ್ಲದ ಬಟ್ಟಬಯಲು, ನಮ್ಮಂಥ ಯಂತ್ರ ಅಲ್ಲಿ ಚೆನ್ನಾಗಿ ನಡೆಯುತ್ತದಲ್ಲವೆ?" ಎಂದು ಕೇಳಿದರು. ಅದಕ್ಕೆ ಉತ್ತರ ಹೇಳುವ ನೆಪದಲ್ಲಿ, ಇಂಥ ಯಂತ್ರ ಕೆಟ್ಟಾಗ ಎಲ್ಲಿಂದ ಹುಡುಕಬೇಕು ಎಂಬುದನ್ನು ನಮ್ಮ ಅನುಭವಕ್ಕೆ ಬಂದಷ್ಟು ಇಲ್ಲಿ ಬರೆಯುತ್ತಿದ್ದೇವೆ.

ಹೊಸ ಹುಚ್ಚೇನಲ್ಲ

ನಮ್ಮ ನಾಡಿನಲ್ಲಿ ಈ ಕೆಲಸ ಇಂದು ನಿನ್ನೆಯದಲ್ಲ. 1959ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು 1960ರ ದಶಕದಲ್ಲೇ ನೀರೆತ್ತುವ ಗಾಳಿಯಂತ್ರಗಳನ್ನು ರೂಪಿಸಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರ ದಶಕದಲ್ಲಿ ಬಟ್ಟೆಯ ಹಾಯಿ ಕಟ್ಟಿದ ಕಡಿಮೆ ಖರ್ಚಿನ ಗಾಳಿಯಂತ್ರದ ಪ್ರಯೋಗಗಳು ನಡೆದವು. ಆಫ್ರಿಕದ ಮಲಾವಿ ದೇಶದಲ್ಲಿ ವಿಲಿಯಂ ಕಾಮ್‌ಕ್ವಾಂಬಾ ಎಂಬ ರೈತರ ಮನೆಯ ಹುಡುಗ, 2001-02ರ ಬರಗಾಲದಲ್ಲಿ ಶಾಲೆ ಬಿಡಬೇಕಾಗಿ ಬಂದಾಗ, ಗ್ರಂಥಾಲಯದ ಪುಸ್ತಕ ನೋಡಿ ಹಳೆಯ ಸೈಕಲ್ಲು, ಟ್ರ್ಯಾಕ್ಟರಿನ ಫ್ಯಾನು, ಪ್ಲಾಸ್ಟಿಕ್ ಪೈಪು, ಸೈಕಲ್ ಡೈನಮೋ ಸೇರಿಸಿ ಮನೆಗೆ ದೀಪ ತಂದ. ಸ್ಕಾಟ್ಲೆಂಡಿನ ಸ್ಕೋರೇಗ್ ಎಂಬ ಊರಿನ ಹ್ಯೂ ಪಿಗ್ಗಟ್ ಅವರು ಮನೆಯಲ್ಲೇ ಮಾಡಬಹುದಾದ ಆಲ್ಟರ್ನೇಟರಿನ ಕ್ರಮವನ್ನು ಲೋಕಕ್ಕೆಲ್ಲ ಹಂಚಿದರು. ಇಂದು ಕೈಯಿಂದ ಮಾಡುವ ಯಂತ್ರಗಳಲ್ಲಿ ಬಹುಪಾಲು ಅದೇ ಜಾಡಿನವು.

ಮೊದಲು ಗಾಳಿಯ ಲೆಕ್ಕ

ದುರಸ್ತಿಗೆ ಕೈ ಹಾಕುವ ಮುನ್ನ ಒಂದು ಲೆಕ್ಕ ಮನಸ್ಸಿನಲ್ಲಿರಬೇಕು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎರಡು ಪಟ್ಟಾಗುವುದಿಲ್ಲ, ಎಂಟು ಪಟ್ಟಾಗುತ್ತದೆ. ಎರಡು ಮೀಟರ್ ಅಡ್ಡಳತೆಯ ಯಂತ್ರಕ್ಕೆ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಬಂದು ಬಡಿಯುವ ಗಾಳಿಯಲ್ಲಿ ಇರುವುದು ಸುಮಾರು 120 ವಾಟ್. ಇದರಲ್ಲಿ ಯಾವ ಯಂತ್ರವೂ ನೂರಕ್ಕೆ 59ರ ಮೇಲೆ ಹಿಡಿಯಲಾರದು. ಇದು ಪ್ರಕೃತಿಯ ಕಟ್ಟಳೆ. ಕೈಯಿಂದ ಮಾಡಿದ ಯಂತ್ರ ಕಾಲು ಭಾಗ ಹಿಡಿದರೆ ಸಂತೋಷಪಡಬೇಕು. ಅಂದರೆ ಸಿಕ್ಕಿದ್ದು 30 ವಾಟ್. ಅದೇ ಗಾಳಿ 8 ಮೀಟರಿಗೆ ಏರಿದರೆ 240 ವಾಟ್. 16 ಮೀಟರಿಗೆ ಏರಿದರೆ ಮತ್ತೆ ಎಂಟು ಪಟ್ಟು, ಅಷ್ಟನ್ನು ಹಿಡಿಯಲು ಹೋದರೆ ಯಂತ್ರವೇ ಉಳಿಯುವುದಿಲ್ಲ. ಸಣ್ಣ ಗಾಳಿಯಲ್ಲಿ ಏನೂ ಬರುವುದಿಲ್ಲವೆಂದು ದೂರುವುದಕ್ಕೂ ಬಿರುಗಾಳಿಯಲ್ಲಿ ಯಂತ್ರ ಮುರಿಯುವುದಕ್ಕೂ ಕಾರಣ ಇದೊಂದೇ ಲೆಕ್ಕ.

ಕೈಯಿಂದ ತಿರುಗಿಸಿ ನೋಡುವ ಪರೀಕ್ಷೆ

ಗಾಳಿ ಇಲ್ಲದ ಹೊತ್ತಿನಲ್ಲಿ ಕಂಬವನ್ನು ಮಲಗಿಸಿ ರೆಕ್ಕೆಯನ್ನು ಕೈಯಿಂದ ತಿರುಗಿಸಿ ನೋಡಬೇಕು. ಅರ್ಧ ರೋಗ ಇಲ್ಲೇ ತಿಳಿಯುತ್ತದೆ.

1. ಕರಕರ ಎಂದರೆ, ಒರಟಾಗಿ ತಿರುಗಿದರೆ ಬೇರಿಂಗು ಹೋಗಿದೆ. ಅಥವಾ ಅಯಸ್ಕಾಂತದ ತಟ್ಟೆ ಕಾಯಿಲಿಗೆ ತಾಗುತ್ತಿದೆ. ಈಗ ಬಳಕೆಯಲ್ಲಿರುವ ನಿಯೋಡಿಮಿಯಂ ಅಯಸ್ಕಾಂತ ಬಹಳ ಬಲಶಾಲಿ. ಆದರೆ ತೇವ ತಾಗಿದರೆ ತುಕ್ಕು ಹಿಡಿದು ಉಬ್ಬುತ್ತದೆ. ಮಳೆಯ ನಾಡಿನಲ್ಲಿ ಇದು ಸಾಮಾನ್ಯ ಕಾಯಿಲೆ. ಹೆಚ್ಚು ಬಿಸಿಯಾದರೆ ಅದರ ಬಲವೂ ಕುಂದುತ್ತದೆ.

2. ಸದ್ದಿಲ್ಲ, ಆದರೆ ತಿರುಗಿಸಲು ಬಹಳ ಬಿಗಿ ಎಂದರೆ ಎಲ್ಲೋ ತಂತಿಗಳು ಒಂದಕ್ಕೊಂದು ಕೂಡಿಕೊಂಡಿವೆ, ಅಂದರೆ ಶಾರ್ಟ್ ಆಗಿದೆ. ಆಲ್ಟರ್ನೇಟರಿನಿಂದ ಬರುವ ಮೂರು ತಂತಿಗಳನ್ನು ಅಲ್ಲೇ ಬಿಡಿಸಿ ಮತ್ತೆ ತಿರುಗಿಸಿ. ಈಗ ಹಗುರಾದರೆ ದೋಷ ಕೆಳಗಿನ ತಂತಿಯಲ್ಲಿ ಅಥವಾ ಡಯೋಡುಗಳ ಪೆಟ್ಟಿಗೆಯಲ್ಲಿದೆ. ಆಗಲೂ ಬಿಗಿಯಿದ್ದರೆ ಕಾಯಿಲೇ ಸುಟ್ಟಿದೆ. ಒಂದೇ ಸಮ ಬಿಗಿಯಾದರೆ ಮೂರೂ ತಂತಿ ಕೂಡಿವೆ, ಬಿಗಿ-ಸಡಿಲ ಎಂದು ತಡೆತಡೆದು ತಿರುಗಿದರೆ ಎರಡು ಮಾತ್ರ ಕೂಡಿವೆ ಎಂದು ತಿಳಿಯಬಹುದು.

3. ಬಹಳ ಸಲೀಸಾಗಿ ತಿರುಗುತ್ತದೆ, ಆದರೆ ಬ್ಯಾಟರಿಗೆ ಏನೂ ಬರುವುದಿಲ್ಲ ಎಂದರೆ ದಾರಿ ಎಲ್ಲೋ ಕಡಿದಿದೆ. ಫ್ಯೂಸು, ಜೋಡಣೆ, ತಂತಿ ಈ ಕ್ರಮದಲ್ಲಿ ನೋಡಿ.

ಮೀಟರಿನ ಪರೀಕ್ಷೆ

ಒಂದು ಮಲ್ಟಿಮೀಟರು ಪ್ರತಿ ಮನೆಯಲ್ಲೂ ಇರತಕ್ಕದ್ದು. ಬಿಡಿಸಿದ ಮೂರು ತಂತಿಗಳನ್ನು ಎರಡೆರಡಾಗಿ ಅಳೆಯಿರಿ. ಒಬ್ಬರು ರೆಕ್ಕೆಯನ್ನು ಒಂದೇ ವೇಗದಲ್ಲಿ ತಿರುಗಿಸುತ್ತಿರಲಿ. ಮೂರು ಜೋಡಿಗಳಲ್ಲೂ ಸಮನಾದ ವೋಲ್ಟೇಜು ಬರಬೇಕು. ಒಂದು ಜೋಡಿಯಲ್ಲಿ ಮಾತ್ರ ಬಂದು ಉಳಿದೆರಡರಲ್ಲಿ ಬಾರದಿದ್ದರೆ, ಆ ಎರಡಕ್ಕೂ ಸೇರಿದ ಒಂದು ತಂತಿ ತುಂಡಾಗಿದೆ ಎಂದರ್ಥ. ಸಾಮಾನ್ಯವಾಗಿ ತುಂಡಾಗುವುದು ಕಂಬದೊಳಗೆ. ಯಂತ್ರ ಗಾಳಿಯ ದಿಕ್ಕಿಗೆ ತಿರುಗಿ ತಿರುಗಿ ಒಳಗಿನ ತಂತಿ ಹಗ್ಗದಂತೆ ಹುರಿಗೊಂಡಿರುತ್ತದೆ. ವರ್ಷಕ್ಕೊಮ್ಮೆ ಬುಡದಲ್ಲಿ ಬಿಡಿಸಿ ಹುರಿ ಬಿಚ್ಚಿದರೆ ಈ ತೊಂದರೆ ಇಲ್ಲ.

ಡಯೋಡನ್ನು ಎಲ್ಲ ತಂತಿ ಬಿಡಿಸಿದ ಮೇಲೆಯೇ ಅಳೆಯಬೇಕು. ಒಂದು ಕಡೆಯಿಂದ ಸುಮಾರು ಅರ್ಧ ವೋಲ್ಟ್ ತೋರಿಸಿ, ತಿರುಗುಮುರುಗು ಹಿಡಿದಾಗ ಏನೂ ತೋರಿಸದಿದ್ದರೆ ಅದು ಸರಿಯಿದೆ. ಎರಡೂ ಕಡೆ ಸೊನ್ನೆ ತೋರಿಸಿದರೆ ಸುಟ್ಟಿದೆ.

ತಂತಿಯ ದಪ್ಪ

ನಮ್ಮ ಮೊದಲ ತಪ್ಪು ಇಲ್ಲೇ. 12 ವೋಲ್ಟಿನಲ್ಲಿ 240 ವಾಟ್ ಸಾಗಿಸಲು 20 ಆಂಪಿಯರ್ ಹರಿಯಬೇಕು. ಕಂಬದಿಂದ ಬ್ಯಾಟರಿಗೆ 30 ಮೀಟರ್ ದೂರವಿದ್ದರೆ ಹೋಗಿ ಬರುವ ದಾರಿ 60 ಮೀಟರ್. 4 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ಅಷ್ಟು ದೂರಕ್ಕೆ ದಾರಿಯಲ್ಲೇ 5 ವೋಲ್ಟಿನಷ್ಟು ಸೋರಿಹೋಗುತ್ತದೆ. 16 ಚದರ ಮಿಲಿಮೀಟರಿನದಾದರೆ ಸುಮಾರು ಒಂದೂಕಾಲು ವೋಲ್ಟ್. ತೂತಿನ ಪೈಪಿನಲ್ಲಿ ನೀರು ಹಾಯಿಸಿ, ಪಂಪು ಸರಿಯಿಲ್ಲ ಎಂದಂತಾಯಿತು ನಮ್ಮ ಕಥೆ.

ಬ್ಯಾಟರಿಯೇ ಗಂಟು

ಇಡೀ ವ್ಯವಸ್ಥೆಯಲ್ಲಿ ಬೇಗ ಸಾಯುವ ವಸ್ತು ಬ್ಯಾಟರಿ. ಕೆಲವು ಗಂಟೆ ಸುಮ್ಮನಿಟ್ಟ 12 ವೋಲ್ಟಿನ ಸೀಸದ ಬ್ಯಾಟರಿ 12.6 ತೋರಿಸಿದರೆ ತುಂಬಿದೆ, 12.2 ಎಂದರೆ ಅರ್ಧ, 11.9ಕ್ಕೆ ಇಳಿದರೆ ಬರಿದು. ಅರ್ಧಕ್ಕಿಂತ ಕೆಳಗಿಳಿಸಿ ದಿನಗಟ್ಟಲೆ ಬಿಟ್ಟರೆ ಮತ್ತೆ ಚೇತರಿಸಿಕೊಳ್ಳುವುದು ಕಷ್ಟ. ಆರು ಕೋಣೆಗಳ ಆಸಿಡ್ಡನ್ನು ಹೈಡ್ರೋಮೀಟರಿನಿಂದ ನೋಡಿದಾಗ ಒಂದು ಕೋಣೆ ಮಾತ್ರ ಬಹಳ ಹಿಂದೆ ಬಿದ್ದಿದ್ದರೆ ಆ ಬ್ಯಾಟರಿಯ ಆಯುಸ್ಸು ಮುಗಿದಂತೆ. ಭಟ್ಟಿ ಇಳಿಸಿದ ನೀರನ್ನಲ್ಲದೆ ಬಾವಿ ನೀರನ್ನು ಯಾವತ್ತೂ ಹಾಕಕೂಡದು.

ಇನ್ನೊಂದು ಮಾತು, ಇದನ್ನು ನಾವು ದಂಡ ತೆತ್ತು ಕಲಿತದ್ದು. ಮಳೆಗಾಲದ ಒಂದು ಮಧ್ಯಾಹ್ನ, ಬ್ಯಾಟರಿಯ ತುದಿಗಳಿಗೆ ಹಸುರು ಕಿಲುಬು ಕಟ್ಟಿದೆಯೆಂದು, ಯಂತ್ರ ತಿರುಗುತ್ತಿರುವಾಗಲೇ ತಂತಿ ಬಿಡಿಸಿದೆವು. ಹೊರೆ ತಪ್ಪಿದ ರೆಕ್ಕೆಗಳು ಕ್ಷಣದಲ್ಲಿ ಹುಚ್ಚೆದ್ದು ತಿರುಗಿದವು. ವೋಲ್ಟೇಜು ಏರಿ ನಿಯಂತ್ರಕ ಸುಟ್ಟಿತು, ಉರಿಯುತ್ತಿದ್ದ ದೀಪಗಳೂ ಹೋದವು. ಎಳೆಯುವ ಎತ್ತಿನ ನೊಗ ಇಳಿಜಾರಿನಲ್ಲಿ ಕಳಚಿದರೆ ಗಾಡಿಯ ಗತಿ ಏನೋ ಅದೇ ಗತಿ. ಬ್ಯಾಟರಿ ತುಂಬಿದಾಗಲೂ ಯಂತ್ರಕ್ಕೆ ಹೊರೆ ಇರಲೇಬೇಕು. ಸುಮಾರು 14.4 ವೋಲ್ಟ್ ದಾಟಿದೊಡನೆ ಹೆಚ್ಚಿನ ವಿದ್ಯುತ್ತನ್ನು ಕಾಯಿಸುವ ತಂತಿಗೆ ತಿರುಗಿಸುವ ನಿಯಂತ್ರಕ ಬೇಕು. ಸೌರ ಫಲಕದ ಸಾಮಾನ್ಯ ನಿಯಂತ್ರಕ ಇದಕ್ಕೆ ಆಗದು. ಅದು ಬ್ಯಾಟರಿ ತುಂಬಿದೊಡನೆ ದಾರಿ ಮುಚ್ಚುತ್ತದೆ.

ಯಂತ್ರವನ್ನು ನಿಲ್ಲಿಸಬೇಕಾದರೆ ಗಾಳಿ ತಗ್ಗಿದ ಹೊತ್ತು ನೋಡಿ ಮೂರು ತಂತಿಗಳನ್ನು ಸ್ವಿಚ್ಚಿನ ಮೂಲಕ ಒಟ್ಟು ಕೂಡಿಸಬೇಕು. ಆಗ ಆಲ್ಟರ್ನೇಟರೇ ಬ್ರೇಕಿನಂತೆ ಹಿಡಿಯುತ್ತದೆ. ಬಿರುಗಾಳಿಯಲ್ಲಿ ಹೀಗೆ ಮಾಡಿದರೆ ಕಾಯಿಲು ಸುಡುವ ಭಯವಿದೆ.

ರೆಕ್ಕೆ, ಬಾಲ, ಕಂಬ

ಯಂತ್ರ ನಡುಗುತ್ತಿದ್ದರೆ ಅಂದೇ ನಿಲ್ಲಿಸಿ. ಬಣ್ಣ ಸುಲಿದ ಮರದ ರೆಕ್ಕೆ ಮಳೆ ನೀರು ಕುಡಿದು ಭಾರವಾಗುತ್ತದೆ, ತೂಕ ತಪ್ಪುತ್ತದೆ. ಮೂರೂ ರೆಕ್ಕೆಗಳ ತೂಕ, ತುದಿಯಿಂದ ತುದಿಗೆ ಇರುವ ಅಂತರ ಸಮನಾಗಿರಬೇಕು. ಎರಡು ಮೀಟರಿನ ಯಂತ್ರದ ರೆಕ್ಕೆಯ ತುದಿ ಒಳ್ಳೆಯ ಗಾಳಿಯಲ್ಲಿ ಗಂಟೆಗೆ 170 ಕಿಲೋಮೀಟರಿನಷ್ಟು ವೇಗದಲ್ಲಿ ಹೋಗುತ್ತಿರುತ್ತದೆ. ಅದು ಕಳಚಿ ಬಂದರೆ ಎದುರಿಗೆ ಇದ್ದವರ ಗತಿ ಹೇಳಬೇಕಾಗಿಲ್ಲ. ಬಿರುಗಾಳಿಗೆ ಯಂತ್ರವನ್ನು ಪಕ್ಕಕ್ಕೆ ಹೊರಳಿಸುವ ಬಾಲದ ತಿರುಗಣಿಗೆ ಗ್ರೀಸು ಇಲ್ಲದೆ ಹಿಡಿದುಕೊಂಡರೆ ಯಂತ್ರಕ್ಕೆ ಬೇರೆ ರಕ್ಷಣೆ ಇಲ್ಲ.

ಕಂಬ ಏಳಿಸುವಾಗ, ಮಲಗಿಸುವಾಗ ಬೀಳುವ ಗೆರೆಯಲ್ಲಿ ಯಾರೂ ನಿಲ್ಲಕೂಡದು. ಹತ್ತಿರ ವಿದ್ಯುತ್ ತಂತಿ ಇದ್ದರೆ ಆ ಜಾಗವೇ ಬೇಡ. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಆಗುವ ಅನಾಹುತಗಳು ನಮ್ಮಲ್ಲಿ ಯಾರಿಗೂ ಹೊಸದಲ್ಲ. ಕಂಬಕ್ಕೂ ಅದನ್ನು ಬಿಗಿದ ತಂತಿಗಳಿಗೂ ಅರ್ಥಿಂಗ್ ಕೊಡಬೇಕು. ಗುಡುಗು ಕೇಳಿಸುತ್ತಿದ್ದರೆ ಹತ್ತಿರ ಹೋಗಬೇಡಿ.

ಹವಳಗಾ ಪ್ರಶ್ನೆಗೆ ಉತ್ತರ

ಭೀಮಾ ನದಿಯ ಆ ಸೀಮೆಯಲ್ಲಿ ಗಾಳಿಗೆ ಅಡ್ಡ ಬರುವ ಮರಗಳು ಕಡಿಮೆ ಎಂಬುದು ನಿಜ. ಆದರೆ ಅಲ್ಲಿ ಕಾಯಿಲೆಗಳು ಬೇರೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಮೇಲ್ಮಣ್ಣಿನಲ್ಲೇ ಹೂತ ಗೂಟ ಒಂದೇ ವರ್ಷದಲ್ಲಿ ಸಡಿಲಾಗಿ, ಬಿಗಿ ತಂತಿ ಜೋತು ಬಿದ್ದು, ಕಂಬ ವಾಲುತ್ತದೆ. ಗಟ್ಟಿ ಗರಸು ಸಿಗುವವರೆಗೆ ಅಗೆದು ಕಾಂಕ್ರೀಟು ಹಾಕಬೇಕು, ಪ್ರತಿ ಋತು ಬದಲಾದಾಗ ತಂತಿಯ ಬಿಗಿ ನೋಡಬೇಕು. ಬಿಸಿಲಿಗೆ ಬ್ಯಾಟರಿಯ ನೀರು ಬೇಗ ಆರುತ್ತದೆ, ಧೂಳು ಬೇರಿಂಗಿಗೆ ಸೇರುತ್ತದೆ. ನಮ್ಮಲ್ಲಿ ತೇವ ಶತ್ರು, ಅಲ್ಲಿ ಧೂಳೂ ಬಿಸಿಲೂ ಶತ್ರು.

ಹಾಗಾದರೆ ನಮ್ಮ ಯಂತ್ರಕ್ಕೆ ಏನಾಗಿತ್ತು?

ಮೂರು ಮಳೆಗಾಲದ ಹಿಂದೆ ನಮ್ಮ ಯಂತ್ರ ಬರಬರುತ್ತ ಸೋತಿತು. ಬೇರಿಂಗು ಬದಲಾಯಿಸಿದೆವು. ಡಯೋಡು ಹೊಸದು ಹಾಕಿದೆವು. ತಂತಿ ದಪ್ಪ ಮಾಡಿದೆವು. ಹೊಸ ಬ್ಯಾಟರಿಯನ್ನೂ ತಂದೆವು. ಆದರೂ ಮೊದಲಿನ ಅರ್ಧದಷ್ಟೂ ಬರಲಿಲ್ಲ. ಕೊನೆಗೆ ಒಂದು ಸಂಜೆ ಕಣದಲ್ಲಿ ಕುಳಿತು ಮೇಲೆ ನೋಡಿದಾಗ ಹೊಳೆಯಿತು: ಯಂತ್ರ ಕೆಟ್ಟಿರಲಿಲ್ಲ, ಮರ ಬೆಳೆದಿತ್ತು. ಕಂಬ ನೆಟ್ಟಾಗ ರೆಕ್ಕೆಯಿಂದ ಎಷ್ಟೋ ಕೆಳಗಿದ್ದ ಸಿಲ್ವರ್ ಓಕ್ ಮರಗಳು ಈಗ ರೆಕ್ಕೆಯ ಮಟ್ಟ ದಾಟಿದ್ದವು. ಸುತ್ತ 100 ಮೀಟರಿನೊಳಗಿನ ಯಾವುದೇ ಮರಕ್ಕಿಂತ ರೆಕ್ಕೆ 10 ಮೀಟರ್ ಮೇಲಿರಬೇಕು ಎಂಬುದು ಈ ವಿದ್ಯೆಯ ಮೊದಲ ಪಾಠ. ನೆಡುವ ದಿನ ನಾವು ಅದನ್ನು ಪಾಲಿಸಿದ್ದೆವು. ಮರ ನಿಲ್ಲುವುದಿಲ್ಲ ಎಂಬುದನ್ನು ತೋಟಗಾರರಾದ ನಾವೇ ಮರೆತಿದ್ದೆವು!

ಮರ ಕಡಿಯೋಣವೆಂದರೆ ಪ್ರತಿಯೊಂದರ ಮೇಲೂ ಫಲ ಕೊಡುವ ಮೆಣಸಿನ ಬಳ್ಳಿ, ಕೆಳಗೆ ನೆರಳು ಬೇಡುವ ಕಾಫಿ. ದೀಪಕ್ಕಾಗಿ ಬೆಳೆ ಕಳೆದುಕೊಳ್ಳುವುದು ಬುದ್ಧಿಯಲ್ಲ. ಗಾಳಿ ಬರುವ ಪಡುವಣ ದಿಕ್ಕಿನ ಕೆಲವು ಮರಗಳ ತುದಿ ಸವರಿಸಿ, ಕಂಬಕ್ಕೆ ಒಂದು ಪೈಪಿನುದ್ದ, ಅಂದರೆ 6 ಮೀಟರ್, ಸೇರಿಸಿ ಹೊಸದಾಗಿ ತಂತಿ ಬಿಗಿದೆವು. ಆ ವರ್ಷದ ಆಷಾಢದಲ್ಲಿ ಮತ್ತೆ ದೀಪ ಉರಿಯಿತು. ಮುಂದೆ ಮರ ಇನ್ನೂ ಬೆಳೆದಾಗ ಕಂಬವನ್ನು ಮೇಲೇರಿಸುತ್ತ ಹೋಗಲು ಆಗದು ಎಂಬುದೂ ನಮಗೆ ಗೊತ್ತಿದೆ. ಕಣಿವೆಯಲ್ಲಿ, ಅಡಿಕೆ ತೋಟದ ತಗ್ಗಿನಲ್ಲಿ ಮನೆ ಇರುವವರು ಈ ಸಾಹಸಕ್ಕೆ ಇಳಿಯದಿರುವುದೇ ಲೇಸು. ಅವರಿಗೆ ಮಳೆಗಾಲದಲ್ಲಿ ಹರಿಯುವ ತೋಡಿನ ನೀರಿನಿಂದ ನಡೆಯುವ ಸಣ್ಣ ಟರ್ಬೈನು ಹೆಚ್ಚು ನಂಬಿಕೆಯದು.

ಗಾಳಿಯಂತ್ರ ಇದ್ದವರು ಒಂದು ಪದ್ಧತಿ ಇಟ್ಟುಕೊಳ್ಳಲಿ. ಅಡಿಕೆಗೆ ಮೊದಲ ಬೋರ್ಡೋ ಸಿಂಪರಣೆ ಮುಗಿದ ಮರುದಿನ ಕಂಬ ಮಲಗಿಸಿ ನಟ್ಟು ಬೋಲ್ಟು ಬಿಗಿದು, ಬಾಲಕ್ಕೆ ಗ್ರೀಸು, ರೆಕ್ಕೆಗೆ ಬಣ್ಣ, ತಂತಿಯ ಹುರಿ, ಬ್ಯಾಟರಿಯ ನೀರು ನೋಡಿ ಏಳಿಸಲಿ. ಮದ್ದು ಹೊಡೆಯದೆ ಬಿಟ್ಟ ತೋಟಕ್ಕೆ ಕೊಳೆ ಬಂದಂತೆ, ನೋಡದೆ ಬಿಟ್ಟ ಯಂತ್ರಕ್ಕೂ ಮಳೆಗಾಲದಲ್ಲೇ ಕೇಡು. ಕೊನೆಗೆ, ಸುತ್ತಲಿನ ಮರಗಳನ್ನೂ ಒಮ್ಮೆ ತಲೆ ಎತ್ತಿ ನೋಡಲಿ.