ಬಾಯಿ ತೆರೆದರೆ ಕಪ್ಪೆಗೆ ಉಸಿರಿಲ್ಲ

(ಈ ವಾರದ ಸಂಚಿಕೆಯ ಅಕ್ಷರರೂಪ)

ಈ ವಾರ ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

ನಾನಾಗ ನಾಲ್ಕನೇ ಕ್ಲಾಸು. ಮೊಳಕಾಲ್ಮೂರು ಅಂದ್ರೆ ನಿಮಗೆ ರೇಷ್ಮೆ ಸೀರೆ ನೆನಪಾಗುತ್ತೆ, ನಮಗೆ ಬಾರದ ಮಳೆ. ಆ ವರ್ಷ ಶೇಂಗಾ ಬಿತ್ತಿದ ಮೇಲೆ ಮೋಡವೇ ಇಲ್ಲ. ಹೆಂಗಸರು ಒನಕೆಗೆ ಬೇವಿನ ಸೊಪ್ಪು ಸುತ್ತಿ, ಬಟ್ಟೆಯಲ್ಲಿ ಒಂದು ಕಪ್ಪೆ ಕಟ್ಟಿ, ಮನೆ ಮನೆಗೆ ಹೊತ್ತರು. ಪ್ರತಿ ಮನೆಯಲ್ಲೂ ಅದರ ಮೇಲೆ ಒಂದು ಚೊಂಬು ನೀರು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಒನಕೆ ಬಿಸಿಲಲ್ಲೇ ಉಳೀತು. ನಾನು ಹೋಗಿ ನೋಡಿದ್ರೆ ಕಪ್ಪೆಯ ಗಂಟಲು ಪಟಪಟ ಅಂತಿದೆ, ಬಾಯಿ ಮಾತ್ರ ಬಿಗಿಯಾಗಿ ಮುಚ್ಚಿದೆ. ಪಾಪ, ಉಸಿರು ಕಟ್ತಿದೆ ಅಂದ್ಕೊಂಡು ಬೇವಿನ ಕಡ್ಡಿ ಇಟ್ಟು ಬಾಯಿ ತೆರೆಸಿದೆ. ಊಟ ಮುಗಿಸಿ ಬರೋ ಹೊತ್ತಿಗೆ ಅದು ಸತ್ತಿತ್ತು.

ಅಜ್ಜಿ ಬೈಲಿಲ್ಲ. "ನೀರು ಹಾಕ್ಬೇಕಿತ್ತು ಕಣಪ್ಪ" ಅಂದ್ಳು, ಅಷ್ಟೇ.

ನಾನು ಓದಿದ್ದು ಬಿ.ಕಾಂ. ಆ ಕಪ್ಪೆಗೆ ನಾನು ಏನು ಮಾಡಿದ್ದೆ ಅಂತ ಅರ್ಥವಾಗಿದ್ದು ಈ ಸಂಚಿಕೆಗೆ ತಯಾರಿ ಮಾಡುವಾಗಲೇ.

ನಾವು ಉಸಿರೆಳೆಯುವಾಗ ಪಕ್ಕೆಲುಬು ಹಿಗ್ಗುತ್ತೆ, ಎದೆಯ ಕೆಳಗಿನ ವಪೆ ಇಳಿಯುತ್ತೆ, ಗಾಳಿ ಒಳಗೆ ಬರುತ್ತೆ. ಕಪ್ಪೆಗೆ ವಪೆಯೂ ಇಲ್ಲ, ನಮ್ಮಂಥ ಎದೆಗೂಡೂ ಇಲ್ಲ. ಗಾಳಿಯನ್ನು ಎಳೆಯೋಕಾಗಲ್ಲ, ತಳ್ಳಬೇಕು. ಮೊದಲು ಬಾಯಿ ಮುಚ್ಚಿ, ಮೂಗಿನ ಹೊಳ್ಳೆ ತೆರೆದು, ಗಂಟಲಿನ ತಳವನ್ನು ಕೆಳಗಿಳಿಸುತ್ತೆ. ಹೊಳ್ಳೆಯಿಂದ ಬಂದ ಗಾಳಿ ಬಾಯಲ್ಲಿ ತುಂಬುತ್ತೆ. ಶ್ವಾಸಕೋಶದ ಹಳೇ ಗಾಳಿ ಅದೇ ಹೊಳ್ಳೆಯಿಂದ ಹೊರಗೆ ಹೋಗುತ್ತೆ. ಆಮೇಲೆ ಹೊಳ್ಳೆ ಮುಚ್ಚುತ್ತೆ, ಗಂಟಲು ಮೇಲೇರುತ್ತೆ, ಬಾಯಲ್ಲಿದ್ದ ಗಾಳಿ ಶ್ವಾಸಕೋಶಕ್ಕೆ ನುಗ್ಗುತ್ತೆ.

ಸೈಕಲ್ ಪಂಪು ನೆನಪಿಸಿಕೊಳ್ಳಿ. ಗಂಟಲು ಪಂಪು, ಹೊಳ್ಳೆ ಅದರ ವಾಲ್ವು. ಬಾಯಿ ತೆರೆದರೆ ಪಂಪಿಗೆ ತೂತು ಬಿದ್ದಂಗೆ, ಎಷ್ಟು ಒತ್ತಿದರೂ ಗಾಳಿ ಸೋರಿಹೋಗುತ್ತೆ. ಸಹಾಯ ಅಂತ ನಾನು ಮಾಡಿದ್ದು ಇದನ್ನೇ.

ಅಂದಹಾಗೆ, ಗಂಟಲಿನ ಪ್ರತಿ ಮಿಡಿತವೂ ಶ್ವಾಸಕೋಶಕ್ಕಲ್ಲ. ಸಣ್ಣ ಸಣ್ಣ ಮಿಡಿತಗಳು ಬಾಯೊಳಗಿನ ಗಾಳಿ ಬದಲಿಸೋಕೆ. ಹೊಳ್ಳೆಯಲ್ಲಿ ಗಾಳಿ ಆಡುತ್ತಿದ್ದರೆ ಕಪ್ಪೆಗೆ ಸುತ್ತಲಿನ ವಾಸನೆಯೂ ಗೊತ್ತಾಗುತ್ತೆ.

ಆದರೂ ಕಡ್ಡಿಯೊಂದೇ ಕೊಂದಿತು ಅನ್ನಲಾರೆ. ಬಿಸಿಲಿಗೂ ದೊಡ್ಡ ಪಾಲಿದೆ. ಕಪ್ಪೆಗೆ ಉಸಿರಿನ ಖಾತೆ ಎರಡು: ಒಂದು ಶ್ವಾಸಕೋಶ, ಇನ್ನೊಂದು ಚರ್ಮ. ತೆಳುವಾದ ಚರ್ಮದ ಕೆಳಗೇ ರಕ್ತನಾಳಗಳ ಬಲೆ. ಆಮ್ಲಜನಕ ಅಲ್ಲಿಂದಲೂ ಒಳಗೆ ಬರುತ್ತೆ, ಇಂಗಾಲದ ಡೈಆಕ್ಸೈಡಿನ ಬಹುಪಾಲು ಅಲ್ಲಿಂದಲೇ ಹೊರಗೆ ಹೋಗುತ್ತೆ. ನೀರಲ್ಲಿ ಮುಳುಗಿ ಹೊಳ್ಳೆ ಮುಚ್ಚಿಕೊಂಡಾಗ ಈ ಎರಡನೇ ಖಾತೆಯೇ ಗತಿ.

ಆದರೆ ಈ ಖಾತೆಗೆ ಒಂದು ಷರತ್ತು: ಚರ್ಮ ಒದ್ದೆ ಇರಬೇಕು. ಒಣಗಿದರೆ ಖಾತೆ ಬಂದ್. ನಮ್ಮಂಥ ಒಣ ಸೀಮೆಯಲ್ಲಿ ಎಷ್ಟೋ ಕಪ್ಪೆಗಳು ಬೇಸಿಗೆಯಿಡೀ ಮಣ್ಣೊಳಗೆ ಹೂತುಕೊಂಡು, ಮಳೆ ಬಿದ್ದಾಗ ಎದ್ದು ಬರೋದು ಅದಕ್ಕೇ.

ಹಾಗಾದ್ರೆ ಆ ಚೊಂಬು ನೀರು? ನಾವು ಅದನ್ನ ಮಳೆಗೋಸ್ಕರ ಹಾಕ್ತಿದ್ವಿ. ಕಪ್ಪೆಗೆ ಅದು ಉಸಿರಾಗಿತ್ತು. ಅಜ್ಜಿಗೆ ವಪೆ ಗೊತ್ತಿರಲಿಲ್ಲ, ಇದು ಗೊತ್ತಿತ್ತು.

ಆಚರಣೆ ಬಿಡಿ ಅಂತ ಹೇಳೋಕೆ ನಾನು ಬಂದಿಲ್ಲ. ಕಟ್ಟದೇ ಇದ್ರೆ ಒಳ್ಳೇದು. ಕಟ್ಟಿದ್ರೆ ನೆರಳಲ್ಲಿಡಿ, ಬಟ್ಟೆ ಒಣಗೋಕೆ ಬಿಡಬೇಡಿ, ಬೇಗ ನೀರಿನ ಹತ್ತಿರ ಬಿಟ್ಟುಬಿಡಿ. ಹೊಲಕ್ಕೆ ಔಷಧಿ ಹೊಡೆದ ಟ್ಯಾಂಕನ್ನು ಹೊಂಡದಲ್ಲಿ ತೊಳೀಬೇಡಿ. ಗಾಳಿ ಹೋಗುವ ಆ ಚರ್ಮದಲ್ಲೇ ವಿಷವೂ ಹೋಗುತ್ತೆ.

ಮುಂದಿನ ವಾರ ಸಿಗೋಣ. ನಿಮ್ಮೂರಲ್ಲಿ ಮಳೆಯಾದರೆ ರಾತ್ರಿ ಹೊರಗೆ ಬಂದು ಕಿವಿಗೊಡಿ. ವಟವಟ ಕೇಳಿದ್ರೆ ನನಗೂ ತಿಳಿಸಿ.